ತೂಗುಗುಂಡಿನ ಬಿಳಿಗೆರೆ

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾದ ೧೯೯೭ರಲ್ಲೇ ನನಗೂ ನೌಕರಿ ಸಿಕ್ಕಿತು. ಗಂಗಾವತಿ ತಾಲ್ಲೂಕಿನ ಒಂದು ಊರಿನ ಸರಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿ. ನಾನು ಕುಷ್ಟಗಿ ಕಡೆಯವಳು. ನಮ್ಮಪ್ಪ ಅಲ್ಲಿಯ ಕೆಂಪು ಕಲ್ಲಿನ ಕ್ವಾರಿಯಲ್ಲಿ ಉಳಿ, ಸುತ್ತಿಗೆ ಹಿಡಿದು ಮೂವರು ಮಕ್ಕಳನ್ನು ಓದಿಸಿದವನು. ಆದೇಶದ ಕಾಗದ ನೋಡಿ ಅವನು ಕೇಳಿದ್ದು ಒಂದೇ ಮಾತು: "ಗಂಗಾವತಿ ಕಡೆ ಕಲ್ಲು ಭಾಳ ಐತಂತ. ಹೌದೇನು?"

ಹೌದು, ಭಾಳ ಇತ್ತು. ನಾನು ಹೋದ ಊರಲ್ಲಿ ಕಲ್ಲು ಮತ್ತು ಮನೆ ಒಂದಕ್ಕೊಂದು ಹೊಂದಿಕೊಂಡು ಬದುಕುತ್ತಿದ್ದವು. ಒಬ್ಬರ ಮನೆಯ ಹಿಂದಿನ ಗೋಡೆ ಎಂದರೆ ಒಂದು ಬಂಡೆ. ಇನ್ನೊಬ್ಬರು ಎರಡು ಗುಂಡುಗಳ ಸಂದಿಗೆ ತಗಡು ಹೊದಿಸಿ ಎಮ್ಮೆ ಕಟ್ಟಿದ್ದರು. ಊರ ಮುಂದೆ ಕಾಲುವೆ, ಅದರಾಚೆ ಕಣ್ಣು ಹಾಯುವಷ್ಟು ದೂರ ನೆಲ್ಲು. ಊರ ಹಿಂದೆ ಮಾತ್ರ ಗುಂಡಿನ ಮೇಲೆ ಗುಂಡು ಪೇರಿಸಿದ ಬೆಟ್ಟ. ಆ ಬೆಟ್ಟದ ಬುಡಕ್ಕೇ ಅಂಟಿಕೊಂಡಿತ್ತು ನಮ್ಮ ಶಾಲೆ.

ಶಾಲೆಯ ನೆತ್ತಿಯ ಮೇಲೆ, ಇಳಿಜಾರಿನಲ್ಲಿ ತೂಗುಗುಂಡು ಇತ್ತು. ಎರಡಂತಸ್ತಿನ ಮನೆಯಷ್ಟು ದೊಡ್ಡ ಬಂಡೆ, ಚಪ್ಪಟೆಯಾದ ಇನ್ನೊಂದು ಬಂಡೆಯ ಮೇಲೆ ಅಂಗೈಯಗಲ ಊರಿದಂತೆ ಕೂತಿತ್ತು. ಬೆಳಗಿನ ಹೊತ್ತು ಅದರ ಅಡಿಯಿಂದ ಬಿಸಿಲು ಈಚೆ ಬರುತ್ತಿತ್ತು. ಊರವರನ್ನು ಕೇಳಿದರೆ, ಅದು ಹಿಂದಿನ ಕಾಲದಲ್ಲಿ ಮುಗಿಲಿನಿಂದ ಬಿದ್ದದ್ದು ಎಂದು ಕೆಲವರು, ಕಪಿಗಳು ಜಗಳಾಡಿ ಒಂದರ ಮೇಲೊಂದು ಎಸೆದದ್ದು ಎಂದು ಇನ್ನು ಕೆಲವರು ಹೇಳುತ್ತಿದ್ದರು. ಕಥೆ ಯಾವುದೇ ಇರಲಿ, ಅದು ಎಲ್ಲಿಂದಲೋ ಬಂದು ಬಿದ್ದ ಕಲ್ಲು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಬಂದು ಬಿದ್ದದ್ದು ಮತ್ತೆ ಯಾವತ್ತಾದರೂ ಉರುಳಬಹುದು ಎಂಬ ಅಂಜಿಕೆಯೂ ಅದರ ಜೊತೆಗೇ ಇತ್ತು.

ನಾನು ಹೋದ ಮರುವರ್ಷದ ಮುಂಗಾರಿನಲ್ಲಿ ಆ ಅಂಜಿಕೆ ನಿಜವಾದಂತೆ ಆಯಿತು. ನಾಲ್ಕು ದಿನ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಮೇಲೆಲ್ಲೋ ಗರಗರ ಸದ್ದಾಯಿತು. ತಿರುಗಿ ನೋಡುವುದರೊಳಗೆ ಬಾಗಿಲಿನಷ್ಟು ಅಗಲದ ಒಂದು ಚಪ್ಪಡಿ ಜಾರುತ್ತಾ ಬಂದು ಶಾಲೆಯ ಹಿಂದಿನ ನೀರಿನ ತೊಟ್ಟಿಗೆ ಬಡಿಯಿತು. ತೊಟ್ಟಿ ಎರಡು ಹೋಳಾಯಿತು. ಯಾರಿಗೂ ಒಂದು ತರಚಿದ ಗಾಯವೂ ಆಗಲಿಲ್ಲ. ಆದರೆ ಮರುದಿನ ಎಂಟನೇ ತರಗತಿಯ ಹಾಜರಿ ಕೂಗಿದಾಗ ಏಳೇ ಮಕ್ಕಳು "ಬಂದೀನ್ರಿ" ಎಂದರು.

ಜಾರಿದ್ದು ತೂಗುಗುಂಡಲ್ಲ, ಅದಕ್ಕೆ ಸಾಕಷ್ಟು ದೂರದಲ್ಲಿದ್ದ ಬೇರೆ ಚಪ್ಪಡಿ. ಅದನ್ನು ಕೇಳುವವರೇ ಇರಲಿಲ್ಲ. "ಸಣ್ಣದು ಬಂತು, ಇನ್ನ ದೊಡ್ಡದು ಬರತೈತಿ" ಎಂಬ ಮಾತು ಒಂದೇ ದಿನದಲ್ಲಿ ಊರು ಸುತ್ತಿತು. ಮೂರು ಹೆಣ್ಣುಮಕ್ಕಳ ತಾಯಿಯೊಬ್ಬಳಿದ್ದಳು, ನೆಲ್ಲು ನಾಟಿಗೆ ಕೂಲಿ ಹೋಗುವವಳು. ಅವಳ ಹಿರಿಮಗಳು ಸಾಲಿ ಬಿಟ್ಟು ಆಗಲೇ ಮೂರು ವರ್ಷವಾಗಿತ್ತು, ನಡುವಿನವಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ನಾನು ಮನೆಗೆ ಹೋಗಿ ಕರೆದಾಗ ಆಕೆ ಬಾಗಿಲಲ್ಲೇ ನಿಂತು ಹೇಳಿದಳು: "ಅಕ್ಕೋರ, ನಿಮ್ಮ ಮ್ಯಾಲ ಸಿಟ್ಟಿಲ್ಲರಿ. ಆದರ ನನ್ನ ಮಗಳ ತಲಿ ಮ್ಯಾಲ ಗುಂಡು ಬಿದ್ದ ಮ್ಯಾಲ ನಿಮ್ಮ ಪುಸ್ತಕ ಏನ್ ಮಾಡತೈತ್ರಿ?"

ಒಂದು ವಾರದೊಳಗೆ ಎಂಜಿನಿಯರ್ ಬಂದರು. ಕೆಟ್ಟ ಮನುಷ್ಯನೇನಲ್ಲ. ತಲೆ ಎತ್ತಿ ಗುಂಡು ನೋಡಿದರು, ತಲೆ ತಗ್ಗಿಸಿ ಶಾಲೆ ನೋಡಿದರು, ಎರಡೇ ದಾರಿ ಎಂದರು. ಗುಂಡಿಗೆ ಮದ್ದಿಟ್ಟು ಸಿಡಿಸುವುದು, ಇಲ್ಲವೇ ಶಾಲೆ ಮುಚ್ಚಿ ಮಕ್ಕಳನ್ನು ಕಾಲುವೆಯಾಚೆಯ ಊರಿನ ಶಾಲೆಗೆ ಸೇರಿಸುವುದು. ಆ ಊರಿಗೆ ಎರಡು ತಾಸಿನ ನಡಿಗೆ, ಬಸ್ಸಿಲ್ಲ. ಗಂಡುಹುಡುಗರಲ್ಲಿ ಕೆಲವರು ಸೈಕಲ್ ತುಳಿದಾರು, ಹುಡುಗಿಯರ ಓದು ಅಲ್ಲಿಗೇ ಮುಗಿಯಿತು ಎಂದೇ ಅರ್ಥ. ನಮ್ಮ ಹೆಡ್‌ಮಾಸ್ತರರು ಸಿಡಿಸುವುದೇ ಛಲೋ ಎಂದರು. ಅಲ್ಲಿಯವರೆಗೆ ಊರ ಚಾವಡಿಯಲ್ಲಿ ತರಗತಿ ನಡೆಸುವುದೆಂದಾಯಿತು. ಅಲ್ಲಿಗೂ ಬಂದವರು ಬೆರಳೆಣಿಕೆಯ ಮಕ್ಕಳು.

ಚಾವಡಿಯಲ್ಲಿ ನಾನು ಶಿಲೆಗಳ ಪಾಠ ಮಾಡುತ್ತಿದ್ದೆ. ಅಗ್ನಿಶಿಲೆ, ಜಲಜ ಶಿಲೆ, ರೂಪಾಂತರ ಶಿಲೆ ಎಂದು ಹಲಗೆಯ ಮೇಲೆ ಬರೆದೆ. ಒಬ್ಬಳು ಕೈ ಎತ್ತಿದಳು.

"ಟೀಚರ್, ನಮ್ಮ ಗುಂಡು ಯಾವುದರಾಗ ಬರತೈತ್ರಿ?"

"ಅಗ್ನಿಶಿಲೆ."

"ಅದು ಬೀಳತೈತೇನ್ರಿ?"

ಅಗ್ನಿಶಿಲೆ ಎಂದು ಹೇಳಬಲ್ಲ ನನಗೆ, ಅದು ಬೀಳುತ್ತದೋ ಇಲ್ಲವೋ ಹೇಳಲು ಬರಲಿಲ್ಲ. ಅವತ್ತು ಶನಿವಾರ. ಮಧ್ಯಾಹ್ನದ ಬಸ್ಸು ಹಿಡಿದು ತಾವರಗೇರಾ ಮೇಲೆ ಹಾಯ್ದು ಕುಷ್ಟಗಿಗೆ ಹೋದೆ.

ಅಪ್ಪ ರೊಟ್ಟಿ ಮುರಿಯುತ್ತಾ ನನ್ನ ಮಾತೆಲ್ಲ ಕೇಳಿದ. "ನೋಡದ ಹೆಂಗ ಹೇಳಲಿ?" ಎಂದ. ಕೈ ತೊಳೆದವನೇ ಸಣ್ಣ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು.

ಬೆಟ್ಟ ಹತ್ತಿ ಗುಂಡಿನ ಮುಂದೆ ನಿಂತಾಗ ಅಪ್ಪ ಅದನ್ನು ಮುಟ್ಟಲೇ ಇಲ್ಲ. ಎಲೆ, ಅಡಿಕೆ ಹಾಕಿಕೊಂಡು ಎದುರಿಗೆ ಕುಳಿತುಬಿಟ್ಟ. ಹೊಸ ಬೀಗರನ್ನು ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ಎದ್ದು ಸುತ್ತು ಬಂದ. ಅಲ್ಲಲ್ಲಿ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ. ತಂಬಿಗೆಯಲ್ಲಿ ತಂದ ನೀರನ್ನು ಕೆಳಗಿನ ಬಂಡೆಯ ಮೇಲೆ ಚಿಮುಕಿಸಿ ಅಂಗೈಯಿಂದ ಒರೆಸಿದ. ಒಮ್ಮೆಲೇ ನಕ್ಕ.

"ಯವ್ವಾ, ಇಲ್ಲಿ ಬಾ. ಇಲ್ಲಿ ಬೆರಳಿಡು."

ಬೂದುಬಣ್ಣದ ನೆಲಬಂಡೆಯಲ್ಲಿ ಗೇಣಗಲದ ಒಂದು ಬಿಳಿಗೆರೆ ಹಾಯ್ದಿತ್ತು. ಬೆಣಚುಕಲ್ಲು. ಅಪ್ಪ ನನ್ನ ಕೈ ಹಿಡಿದು ಅದರ ಗುಂಟ ನಡೆಸಿದ. ಗೆರೆ ಓರೆಯಾಗಿ ನೆಲದಿಂದ ಏರಿ ಚಪ್ಪಟೆ ಬಂಡೆಯನ್ನು ದಾಟಿತು. ಅಲ್ಲಿ ಬಿಸಿಲು ನುಸುಳುವ ಸಂದು. ಸಂದಿನ ಮೇಲೆ, ತೂಗುಗುಂಡಿನ ಮೈಯಲ್ಲಿ, ಅದೇ ಗೆರೆ. ಅದೇ ಅಗಲ, ಅದೇ ಓರೆ, ಎರಡೂ ಅಂಚಿನಲ್ಲಿ ಅದೇ ತೆಳು ಗುಲಾಬಿ ಬಣ್ಣ. ಅದು ಗುಂಡಿನ ಬೆನ್ನೇರಿ ಆಚೆ ಇಳಿದಿತ್ತು.

"ಈ ಕಲ್ಲು ಕೂದಲೆಳಿಯಷ್ಟು ಸರದಿದ್ರೂ ಗೆರಿಗೆ ಗೆರಿ ಕೂಡತಿರಲಿಲ್ಲ," ಅಪ್ಪ ಹೇಳಿದ. "ಇದು ಎಲ್ಲಿಂದಲೂ ಬಂದು ಬಿದ್ದ ಕಲ್ಲಲ್ಲವ್ವಾ. ಇಲ್ಲೇ ಹುಟ್ಟಿ ಇಲ್ಲೇ ಉಳದ ಕಲ್ಲು. ಸುತ್ತಲಿಂದು ಹೋಗೇತಿ, ಇದು ಉಳದೈತಿ."

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಚಪ್ಪಡಿ ಜಾರಿದ ಜಾಗಕ್ಕೂ ಹತ್ತಿ ಹೋಗಿ ನೋಡಿದ. ಅಲ್ಲಿ ಬಂಡೆಯ ಮೈಯಿಂದ ಪದರು ಬಿಟ್ಟಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಚಪ್ಪಡಿ ಸಡಿಲವಾಗಿ ಕೂತಿತ್ತು, ಸುತ್ತಿಗೆ ತಟ್ಟಿದರೆ ಒಡಕು ಗಡಿಗೆಯಂತೆ ಸದ್ದು ಮಾಡುತ್ತಿತ್ತು. "ತಗೀಬೇಕಾದ್ದು ಇದನ್ನ. ಗುಂಡಿಗೆ ಮದ್ದಿಟ್ರ ಅದು ಹೋಗತೈತಿ ಖರೆ, ಆದರ ಕೆಳಗ ಭದ್ರ ಇರೋ ಬಂಡೆಗಳೂ ಬಿರೀತಾವ. ಆಮ್ಯಾಲ ಊರಿಗೆ ಊರ ಎದ್ದು ಹೋಗಬೇಕಾಕ್ಕೈತಿ."

ಸೋಮವಾರ ಎಂಜಿನಿಯರರ ಮುಂದೆ ಹೋಗಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. "ಮೇಡಂ, ನಿಮ್ಮ ತಂದಿಯವರು ಹೇಳಿದ್ದು ಖರೇನೇ ಇರಬಹುದು. ಆದರ ಅವರ ಮಾತನ್ನ ನಾನು ಕಾಗದದಾಗ ಹೆಂಗ ಬರೀಲಿ? ನಾಳೆ ಏನರ ಆದರ ನನ್ನ ಕೇಳ್ತಾರ್ರಿ." ಅದೂ ಸರಿಯಾದ ಮಾತೇ. ಕಾಗದದಲ್ಲಿ ಬರೆಯಬಲ್ಲವರು ಬೇಕಾಗಿತ್ತು.

ಕೊಪ್ಪಳಕ್ಕೆ ಹೋದೆ. ಹೊಸ ಜಿಲ್ಲೆಯ ಕಚೇರಿಗಳು ಆಗಿನ್ನೂ ಬಾಡಿಗೆ ಮನೆಗಳಲ್ಲಿ ಕಣ್ಣು ಬಿಡುತ್ತಿದ್ದವು. ಕೇಳುತ್ತಾ ಕೇಳುತ್ತಾ ಭೂವಿಜ್ಞಾನಿಯೊಬ್ಬರ ಕೋಣೆ ಸಿಕ್ಕಿತು. ಅಲ್ಲಿ ಕುರ್ಚಿಗಿಂತ ಕಟ್ಟುಬಿಚ್ಚದ ಕಡತಗಳ ಗಂಟುಗಳೇ ಹೆಚ್ಚು. ಮೈಸೂರು ಕಡೆಯವರು, ಐವತ್ತರ ಆಸುಪಾಸು, ಸಣ್ಣ ದನಿ. ನನ್ನ ಮಾತನ್ನು ಮೊದಲು ಅವರು ಅರ್ಧ ಮನಸ್ಸಿನಿಂದಲೇ ಕೇಳುತ್ತಿದ್ದರು. ನಾನು ರಜೆ ಅರ್ಜಿಯ ಬೆನ್ನಿಗೆ ನೆಲಬಂಡೆ, ಚಪ್ಪಟೆ ಬಂಡೆ, ಗುಂಡು, ಮೂರರ ಮೂಲಕ ಹಾಯ್ದ ಗೆರೆ ಬರೆದು ತೋರಿಸಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಇದನ್ನ ಗುರುತಿಸಿದವರು ಯಾರಮ್ಮಾ?"

"ನಮ್ಮಪ್ಪ, ಸರ್. ಕುಷ್ಟಗಿ ಕ್ವಾರಿಯಾಗ ಕಲ್ಲು ಒಡೀತಾನ್ರಿ."

"ಅವರೂ ಬರಬೇಕು. ಅವರು ಬಂದರೇ ನಾನು ಬರೋದು," ಎಂದರು.

ಗುರುವಾರ ಅವರು ಬಂದರು. ಇಲಾಖೆಯ ಜೀಪು ಕೆಟ್ಟು ನಿಂತಿತ್ತಂತೆ, ಗಂಗಾವತಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗೊಬ್ಬರದ ಚೀಲ ತುಂಬಿದ ಟ್ರ್ಯಾಕ್ಟರಿನಲ್ಲಿ. ಅಪ್ಪ ಬೆಳಿಗ್ಗೆಯೇ ಬಂದು ಬೆಟ್ಟದ ಮೇಲೆ ಕಾಯುತ್ತಿದ್ದ. ಭೂವಿಜ್ಞಾನಿ ಏದುಸಿರು ಬಿಡುತ್ತಾ ಹತ್ತಿ, ಗೆರೆಯ ಮೇಲೆ ಟೇಪು ಹಿಡಿದು ಅಳೆದರು, ದಿಕ್ಸೂಚಿ ಇಟ್ಟರು, ಪುಸ್ತಕದಲ್ಲಿ ಬರೆದುಕೊಂಡರು. ಮೂರು ಕಡೆಯೂ ಅಳತೆ ಒಂದೇ. ಟೇಪು ಸುತ್ತಿ ಜೇಬಿಗಿಟ್ಟು ಅಪ್ಪನ ಕೈ ಹಿಡಿದು ಕುಲುಕಿದರು. ಅಪ್ಪ ಏನು ಮಾಡಬೇಕೋ ತಿಳಿಯದೆ ಎರಡೂ ಕೈ ಕೊಟ್ಟ.

ನಮ್ಮ ಜೊತೆ ಹತ್ತನೆಯ ತರಗತಿಯ ಕೆಲವು ಮಕ್ಕಳೂ ಹತ್ತಿ ಬಂದಿದ್ದರು. ಆ ಮಕ್ಕಳನ್ನು ಬಂಡೆಯ ನೆರಳಲ್ಲಿ ಕೂರಿಸಿಕೊಂಡು ಭೂವಿಜ್ಞಾನಿ ಹೇಳಿದ್ದನ್ನು ನಾನು ಆಮೇಲೆ ಇಪ್ಪತ್ತು ವರ್ಷ ತರಗತಿಯಿಂದ ತರಗತಿಗೆ ಹೇಳುತ್ತಾ ಬಂದಿದ್ದೇನೆ.

"ಈ ಬೆಟ್ಟ ಸುಮಾರು ಇನ್ನೂರೈವತ್ತು ಕೋಟಿ ವರ್ಷದ್ದು. ಆಗ ಹಿಮಾಲಯ ಇರಲಿಲ್ಲ. ಮರ ಇಲ್ಲ, ಹುಲ್ಲಿಲ್ಲ, ಮೀನು ಕೂಡ ಇಲ್ಲ. ಈಗ ನಾವು ಕೂತಿರೋ ಈ ಕಲ್ಲು ಭೂಮಿಯ ಹೊಟ್ಟೆಯೊಳಗೆ, ಎಷ್ಟೋ ಮೈಲಿ ಆಳದಲ್ಲಿ ಕುದೀತಾ ಇತ್ತು. ಮೆಲ್ಲಗೆ ಆರಿತು. ಆರುವಾಗ ಬಿರುಕು ಬಿಡ್ತು. ಆ ಬಿರುಕಿನಲ್ಲಿ ಬಿಸಿನೀರಿನ ಜೊತೆ ಬಂದು ಗಟ್ಟಿಯಾದದ್ದೇ ಈ ಬಿಳಿಗೆರೆ. ಮೇಲಿದ್ದ ನೆಲವೆಲ್ಲ ಮಳೆಗೆ ಗಾಳಿಗೆ ಸವೆದು ಹೋಯ್ತು. ಆಳದಲ್ಲಿದ್ದದ್ದು ಹಗುರಾಗ್ತಾ ಮೇಲೆ ಬಂತು. ಮತ್ತೆ ಉದ್ದಕ್ಕೂ ಅಡ್ಡಕ್ಕೂ ಸೀಳು ಬಿಡ್ತು. ಸೀಳಿನೊಳಗೆ ನೀರಿಳಿದು, ಮೂಲೆಗಳು ಕೊಳೆತು…"

ಅಲ್ಲಿ ಅಪ್ಪ ಬಾಯಿ ಹಾಕಿದ. "ಗರಸಾಕ್ಕೈತ್ರಿ ಸಾಹೇಬ್ರ. ಕ್ವಾರಿಯಾಗ ಮಣ್ಣು ತಗೀವಾಗ ನಾವು ದಿನಾ ನೋಡ್ತೀವ್ರಿ. ಹೊರಗೆಲ್ಲ ಗರಸು, ಕೈಗೆ ಉದುರೋ ಕಲ್ಲುಮಣ್ಣು, ಉಳ್ಳಾಗಡ್ಡಿ ಸಿಪ್ಪಿ ಇದ್ದಂಗ ಪದರು ಪದರು. ಬಿಡಿಸ್ತಾ ಹೋದ್ರ ನಡುವ ಗುಂಡನ್ನ ಕಲ್ಲು ಇರತೈತ್ರಿ. ಬಸುರಿ ಹೊಟ್ಟ್ಯಾಗ ಕೂಸು ಇದ್ದಂಗ."

ಭೂವಿಜ್ಞಾನಿ ಪುಸ್ತಕ ಮುಚ್ಚಿ, "ಯಜಮಾನ್ರೇ, ನಾನು ಇದನ್ನ ಎರಡು ವರ್ಷ ಓದಿದೆ. ನೀವು ಎರಡು ಮಾತಲ್ಲಿ ಹೇಳಿಬಿಟ್ರಿ," ಎಂದರು. ಮಕ್ಕಳ ಕಡೆ ತಿರುಗಿ, "ಆ ಗರಸೆಲ್ಲ ಕೊಚ್ಚಿಹೋಗಿ ನಿಮ್ಮ ಊರ ಹೊಲ ಸೇರಿದೆ. ನಡುವಿನ ಗುಂಡುಗಳು ಇದ್ದಲ್ಲೇ ಉಳಿದಿವೆ. ಯಾರೂ ಎಸೆದದ್ದಲ್ಲ, ಎಲ್ಲಿಂದಲೂ ಉರುಳಿದ್ದಲ್ಲ," ಎಂದರು.

ಎಂಜಿನಿಯರರನ್ನೂ ಕರೆಸಿದ್ದೆವು. ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಗುಂಡು ಮತ್ತು ಅದರ ಕೆಳಗಿನ ಬಂಡೆ ಕೂಡುವಲ್ಲಿ ನಾಲ್ಕು ಕಡೆ ಸಿಮೆಂಟಿನ ತೆಳು ಪಟ್ಟಿ ಹಾಕುವುದು. ಗುಂಡು ಅಲುಗಿದರೆ ಪಟ್ಟಿ ಬಿರಿಯುತ್ತದೆ. ದಸರೆಯ ಹೊತ್ತಿಗೆ ಮಳೆ ಮುಗಿಯುವವರೆಗೂ ಪಟ್ಟಿ ಉಳಿದರೆ ಗುಂಡೂ ಉಳಿಯುತ್ತದೆ, ಶಾಲೆಯೂ ಉಳಿಯುತ್ತದೆ. ಅಪ್ಪನೇ ಕೈಯಾರೆ ಪಟ್ಟಿ ಹಾಕಿದ.

ಆ ಸಂಜೆ ಚಾವಡಿಯಲ್ಲಿ ಊರವರು ಸೇರಿದರು. ಭೂವಿಜ್ಞಾನಿ ಹೇಳಿದ್ದನ್ನೆಲ್ಲ ಕೇಳಿ ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕಡೆಗೆ ಎದ್ದು ನಿಂತದ್ದು ಆ ಮೂರು ಹೆಣ್ಣುಮಕ್ಕಳ ತಾಯಿ.

"ಸಾಹೇಬ್ರ, ನೀವು ಮ್ಯಾಲ ಹತ್ತಿ ಬೆರಳಿಟ್ಟು ನೋಡೀರಿ. ನಾವು ದಿನಾ ಕೆಳಗಿಂದ ನೋಡವ್ರು. ಕೆಳಗಿಂದ ಕಾಣೋ ಹಂಗಿದ್ರ ತೋರಸ್ರಿ. ನಂಬ್ತೀವಿ."

ಭೂವಿಜ್ಞಾನಿ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಎದುರಿನ ಮನೆಗೆ ಆಗಷ್ಟೇ ಸುಣ್ಣ ಹಚ್ಚಿದ್ದರು, ಕಬ್ಬಿಣದ ಬುಟ್ಟಿಯಲ್ಲಿ ಇನ್ನೂ ಸುಣ್ಣ ಉಳಿದಿತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, "ನಾಳೆ ತೋರಸ್ತೀವಿ" ಎಂದುಬಿಟ್ಟೆ.

ಬೆಳಿಗ್ಗೆ ಅಪ್ಪ, ಅವನ ಜೊತೆ ಕ್ವಾರಿಯಿಂದ ಬಂದಿದ್ದ ಇಬ್ಬರು, ಹತ್ತನೆಯ ತರಗತಿಯ ಹುಡುಗಿಯರು, ನಾನು, ಎಲ್ಲರೂ ಸುಣ್ಣದ ಬುಟ್ಟಿ ಹೊತ್ತು ಹತ್ತಿದೆವು. ನೆಲಬಂಡೆಯ ಗೆರೆಗೆ ಹುಡುಗಿಯರು ಸುಣ್ಣ ಹಚ್ಚಿದರು. ಚಪ್ಪಟೆ ಬಂಡೆಗೆ ನಾನು ಹಚ್ಚಿದೆ. ಗುಂಡಿನ ಮೈಗೆ ಅಪ್ಪ ಬಿದಿರಿನ ಗಳದ ತುದಿಗೆ ಕುಂಚ ಕಟ್ಟಿಕೊಂಡು ಹಚ್ಚಿದ. ಗೆರೆಯ ಆಚೆ ಈಚೆ ಒಂದು ಹನಿಯೂ ಬೀಳಬಾರದು ಎಂದು ಅವನ ತಾಕೀತು. ಕೆಲಸ ಮುಗಿಸಿ ನಾವು ಕೆಳಗಿಳಿಯುವ ಹೊತ್ತಿಗೆ ಬಿಸಿಲಿಗೆ ಸುಣ್ಣ ಒಣಗಿ ಹಾಲಿನಂತೆ ಬೆಳ್ಳಗಾಗಿತ್ತು.

ಗದ್ದೆಯಲ್ಲಿ ಬಗ್ಗಿದ್ದವರು ಒಬ್ಬೊಬ್ಬರೇ ಸೊಂಟ ನೆಟ್ಟಗೆ ಮಾಡಿ ನಿಂತರು. ಕಾಲುವೆಯ ಏರಿಯ ಮೇಲೆ ಎತ್ತಿನ ಗಾಡಿ ನಿಂತಿತು. ನೆಲಬಂಡೆಯಿಂದ ಗುಂಡಿನ ನೆತ್ತಿಯವರೆಗೆ ಒಂದೇ ಗೆರೆ. ಎಲ್ಲೂ ಮುರಿದಿಲ್ಲ, ಎಲ್ಲೂ ತಪ್ಪಿಲ್ಲ. ಆ ತಾಯಿ ಕೆಸರುಗಾಲಲ್ಲೇ ಏರಿಗೆ ಬಂದು ನೋಡಿದಳು. ಆಚೆ ಹೋಗಿ ನೋಡಿದಳು, ಈಚೆ ಬಂದು ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಸೀದಾ ಬೆಟ್ಟ ಹತ್ತಿದಳು. ಅವಳ ಹಿಂದೆ ಹತ್ತು ಜನ, ಅವರ ಹಿಂದೆ ಅರ್ಧ ಊರು. ಹುಟ್ಟಿದಾಗಿನಿಂದ ಅಂಜುತ್ತಿದ್ದ ಕಲ್ಲಿಗೆ ಅವತ್ತು ಊರೇ ಹೋಗಿ ಕೈ ಹಚ್ಚಿತು.

ಆ ಮಳೆಗಾಲ ನಾನು ದಿನಾ ಬೆಳಿಗ್ಗೆ ಬೆಟ್ಟ ಹತ್ತಿ ಪಟ್ಟಿ ನೋಡಿ ಬಂದೆ. ಮೊದಲ ದಿನವೇ ಒಂದು ಪಟ್ಟಿಯ ಮೂಲೆ ಕಿತ್ತುಹೋಗಿತ್ತು. ಬಗ್ಗಿ ನೋಡಿದರೆ ಹಸಿ ಸಿಮೆಂಟಿನಲ್ಲಿ ಮಂಗನ ಐದು ಬೆರಳಿನ ಗುರುತು ಅಚ್ಚೊತ್ತಿದಂತೆ ಕೂತಿತ್ತು. ಒಬ್ಬಳೇ ಬೆಟ್ಟದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಲ್ಲಿಗೆ ಹೊಸ ಪಟ್ಟಿ ಹಾಕಿಸಿದೆವು, ಒಣಗುವವರೆಗೆ ಮುಳ್ಳಿನ ಕೊಂಬೆ ಮುಚ್ಚಿದೆವು. ಆಮೇಲೆ ದೊಡ್ಡ ಮಳೆಗಳು ಬಂದವು. ಕಾಲುವೆ ತುಂಬಿ ಏರಿ ಒಡೆಯಿತು, ಎರಡು ಮಣ್ಣಿನ ಮನೆ ಕುಸಿದವು. ನಾಲ್ಕು ಪಟ್ಟಿಗಳಲ್ಲಿ ಒಂದು ಕೂದಲೆಳೆಯ ಬಿರುಕೂ ಕಾಣಲಿಲ್ಲ.

ದಸರೆ ಮುಗಿದ ವಾರ ಎಂಜಿನಿಯರ್ ಬಂದು ಭೂತಗನ್ನಡಿ ಹಿಡಿದು ಒಂದೊಂದೇ ಪಟ್ಟಿ ನೋಡಿದರು. ನಾಲ್ಕನೆಯದನ್ನು ನೋಡಿ ಎದ್ದು ನಿಂತು, "ಮೇಡಂ, ಈಗ ಬರೀತೀನ್ರಿ" ಎಂದರು. ಅಲ್ಲೇ ಬಂಡೆಯ ಮೇಲೆ ಕಾಗದವಿಟ್ಟು ಬರೆದರು: ಗುಂಡು ಭದ್ರವಾಗಿದೆ, ಶಾಲೆ ಇದ್ದಲ್ಲೇ ಇರಬಹುದು, ಸಡಿಲವಾದ ಚಪ್ಪಡಿಯನ್ನು ಮದ್ದಿಲ್ಲದೆ ತೆಗೆಯತಕ್ಕದ್ದು.

ಮದ್ದಿಲ್ಲದೆ ತೆಗೆಯುವುದು ಅಪ್ಪನ ವಿದ್ಯೆ. ಅವನೂ ಕ್ವಾರಿಯ ನಾಲ್ವರೂ ಮೂರು ದಿನ ಚಪ್ಪಡಿಯ ಮೇಲೆ ಸಾಲಾಗಿ ತೂತು ಕೊರೆದರು. ತೂತಿಗೊಂದು ಬೆಣೆ ಇಟ್ಟರು. ಮೂರನೆಯ ದಿನ ಮಧ್ಯಾಹ್ನ ಅಪ್ಪ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೊಂದು ಬೆಣೆಗೆ ಒಂದೊಂದೇ ಪೆಟ್ಟು ಹಾಕುತ್ತಾ ಹೋದ. ಮತ್ತೆ ಮರಳಿ ಬಂದ. ಕಲ್ಲಿನೊಳಗಿನಿಂದ ಟಪ್ ಎಂದು ಒಂದು ಸದ್ದು. ಅಷ್ಟು ದೊಡ್ಡ ಚಪ್ಪಡಿ ಹಬ್ಬದ ಹೋಳಿಗೆ ಮುರಿದಂತೆ ನೆಟ್ಟಗೆ ಎರಡಾಯಿತು. ಕೆಳಗೆ ನಿಂತವರು ಶಿಳ್ಳೆ ಹೊಡೆದರು. ಹಗ್ಗ ಕಟ್ಟಿ, ಹಾರೆ ಕೊಟ್ಟು, ತುಂಡು ತುಂಡಾಗಿ ಇಳಿಸುವಾಗ ಊರಿಗೆ ಊರೇ ಕೈ ಹಾಕಿತು. ಅದೇ ಕಲ್ಲಿನಲ್ಲಿ ನೀರಿನ ಹೊಸ ತೊಟ್ಟಿ ಕಟ್ಟಿದರು. ಉಳಿದದ್ದಕ್ಕೆ ಶಾಲೆಯ ಮುಂದೆ ಐದು ಮೆಟ್ಟಿಲಾದವು.

ಶಾಲೆ ಮರಳಿ ತೆರೆದ ದಿನ ಹೆಡ್‌ಮಾಸ್ತರರು ಅಪ್ಪನನ್ನು ನನ್ನ ತರಗತಿಗೆ ಕರೆತಂದರು. "ಇವತ್ತು ನಿಮಗ ಇವರ ಪಾಠ," ಎಂದು ಹೇಳಿ ತಾವೂ ಹಿಂದಿನ ಬೆಂಚಿನಲ್ಲಿ ಕೂತರು. ಅಪ್ಪ ನಾಚಿಕೊಂಡು ಕುಷ್ಟಗಿಯ ಕೆಂಪು ಕಲ್ಲಿನ ಚೂರು, ಯಲಬುರ್ಗಾದ ಬೂದುಕಲ್ಲಿನ ಚೂರು, ಈ ಊರಿನ ಕಲ್ಲಿನ ಚೂರು ಮೇಜಿನ ಮೇಲಿಟ್ಟ. ಯಾವುದನ್ನು ಯಾವ ಕಡೆಯಿಂದ ತಟ್ಟಬೇಕೆಂದು ತೋರಿಸಿದ. ಒಬ್ಬಳು ಕೇಳಿದಳು, "ಅಜ್ಜಾರ, ಇವುಗಳೊಳಗ ಹಿರಿದು ಯಾವುದ್ರಿ?"

"ವಯಸ್ಸು ಸಾಹೇಬ್ರನ್ನ ಕೇಳಬೇಕವ್ವಾ. ನನಗ ಗೊತ್ತಿರೋದು ಯಾವುದು ಎಲ್ಲಿ ಒಡೀತೈತಿ ಅನ್ನೋದಷ್ಟ."

ಮಕ್ಕಳು ನಕ್ಕರು. ನಾನು ಬಾಗಿಲ ಬಳಿ ನಿಂತಿದ್ದೆ. ಓದಿಸಿದವನು ಅವನು, ಓದಿದವಳು ನಾನು, ಇಬ್ಬರೂ ಒಂದೇ ಹಲಗೆಯ ಮುಂದೆ ನಿಂತದ್ದು ಅದೇ ಮೊದಲು.

ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದು. ಆ ತಾಯಿ ಹೊಸ ಮೆಟ್ಟಿಲೇರಿ ಬಂದಳು. ಒಂದು ಕೈಯಲ್ಲಿ ಒಂಬತ್ತನೇ ತರಗತಿಯ ಮಗಳು. ಇನ್ನೊಂದು ಕೈಯಲ್ಲಿ, ಏಳನೆಯದಕ್ಕೇ ಸಾಲಿ ಬಿಟ್ಟು ನಾಟಿಗೆ ಹೋಗುತ್ತಿದ್ದ ಹಿರಿಮಗಳು. ಇಬ್ಬರ ತಲೆಗೂ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು.

"ಅಕ್ಕೋರ, ಈಕಿ ಹೆಸರೂ ಬರಕೋರಿ," ಎಂದಳು.

ಪ್ರವೇಶದ ಕಾಲ ಮುಗಿದು ತಿಂಗಳುಗಳೇ ಆಗಿದ್ದವು. ಹೆಡ್‌ಮಾಸ್ತರರು ಹಿಂದಿನ ಬೆಂಚಿನಿಂದ ಎದ್ದು ಹೋಗಿ ದಾಖಲಾತಿ ಪುಸ್ತಕ ತಂದರು. ಅದನ್ನು ಕಲ್ಲಿನ ಚೂರುಗಳ ಪಕ್ಕ ಮೇಜಿನ ಮೇಲೆ ಬಿಚ್ಚಿಟ್ಟು, ಜೇಬಿನಿಂದ ಪೆನ್ನು ತೆಗೆದು, "ಹೇಳವ್ವಾ, ಪೂರ್ತಿ ಹೆಸರು ಹೇಳು," ಎಂದರು. ಹುಡುಗಿ ಗಟ್ಟಿ ದನಿಯಲ್ಲಿ ಹೇಳಿದಳು.